ಅಪ್ಪನ ಬೀರುವಿನಲ್ಲಿ ಕೆಮ್ಮಿನ ಔಷಧಿಯ ಹನ್ನೊಂದು ಬಾಟಲಿ ಸಿಕ್ಕವು. ಇದನ್ನು ಜನರ ಮುಂದೆ ಹೇಗೆ ಹೇಳಲಿ?

ಕಿಟಕಿಬದಿ

ಅಪ್ಪ ಹೋಗಿ ಏಳು ತಿಂಗಳಾಯಿತು. ಶ್ವಾಸಕೋಶದ ಕ್ಯಾನ್ಸರ್. ಗೊತ್ತಾದಾಗಲೇ ನಾಲ್ಕನೇ ಸ್ಟೇಜ್. ಅಲ್ಲಿಂದ ಐದೇ ತಿಂಗಳು ಇದ್ದರು. ಅವರಿಗೆ 62 ವರ್ಷ.

ಹೋದ ವಾರ ಅವರ ಬೀರು ಖಾಲಿ ಮಾಡಿದೆ. ಅಲ್ಲಿಯವರೆಗೆ ಅದರ ಬಾಗಿಲು ತೆಗೆಯೋಕೂ ಮನಸ್ಸು ಬಂದಿರಲಿಲ್ಲ. ಕೆಳಗಿನ ಖಾನೆಯಲ್ಲಿ, ಹಳೇ ಸ್ವೆಟರಿನ ಹಿಂದೆ, ಕೆಮ್ಮಿನ ಔಷಧಿಯ ಖಾಲಿ ಬಾಟಲಿಗಳು. ಎಣಿಸಿದೆ. ಹನ್ನೊಂದು. ಎಲ್ಲವನ್ನೂ ತೊಳೆದು, ಮುಚ್ಚಳ ಬಿಗಿದು, ಸಾಲಾಗಿ ಇಟ್ಟಿದ್ದಾರೆ. ಒಂದರ ತಳದಲ್ಲಿ ಮಾತ್ರ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕೂತಿತ್ತು. ಅಪ್ಪ ಯಾವ ಡಬ್ಬಿ, ಬಾಟಲಿಯನ್ನೂ ಎಸೆಯುತ್ತಿರಲಿಲ್ಲ. ಬೇರೇನೂ ಕಾರಣ ಇರಲಾರದು. ಆದರೆ ನಾನು ಅಲ್ಲೇ ನೆಲದ ಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಬಾಟಲಿ ಎರಡು ಮೂರು ವಾರ ಬಂದರೂ ಆರೇಳು ತಿಂಗಳಾಯಿತು. ಅಷ್ಟು ದಿನ ಆ ಕೆಮ್ಮು ನಮ್ಮ ಮನೆಯಲ್ಲೇ ಇತ್ತು. ನಮ್ಮ ಕಿವಿ ಅದಕ್ಕೆ ಒಗ್ಗಿಹೋಗಿತ್ತು.

ನವೆಂಬರ್ ಶ್ವಾಸಕೋಶ ಕ್ಯಾನ್ಸರಿನ ಬಗ್ಗೆ ಅರಿವು ಮೂಡಿಸುವ ತಿಂಗಳು. ಆಫೀಸಿನಲ್ಲಿ ಹತ್ತು ನಿಮಿಷ ಮಾತಾಡ್ತೀರಾ ಎಂದು ಕೇಳಿದರು. ಹೂಂ ಅಂದುಬಿಟ್ಟೆ. ಈಗ ಕೈಕಾಲು ಆಡುತ್ತಿಲ್ಲ.

ಅಳು ಬರುತ್ತದೆ ಅನ್ನೋ ಭಯ ಅಷ್ಟಿಲ್ಲ. ನನ್ನ ಭಯ ಒಂದು ಪ್ರಶ್ನೆಯದ್ದು. "ಸಿಗರೇಟ್ ಸೇದ್ತಿದ್ರಾ?" ಯಾರಿಗೇ ಹೇಳಿದರೂ ಮೊದಲು ಬರುವುದು ಅದೇ. ಹೌದು, ಸೇದುತ್ತಿದ್ದರು. 31 ವರ್ಷ, ದಿನಕ್ಕೊಂದು ಪ್ಯಾಕ್. ಬಿಟ್ಟು ಒಂಬತ್ತು ವರ್ಷವಾಗಿತ್ತು. ನಾನು ಹೌದು ಅಂದ ತಕ್ಷಣ ಎದುರಿಗಿದ್ದವರ ಮುಖ ಸ್ವಲ್ಪ ಸಡಿಲವಾಗುತ್ತದೆ. "ಓ, ಹಾಗಾ" ಅನ್ನುತ್ತಾರೆ. ಹಾಗಾದರೆ ನಮಗೆ ಬರಲ್ಲ ಅನ್ನೋ ಸಮಾಧಾನ ಅದು. ಅವರು ಕೆಟ್ಟವರಲ್ಲ. ಆದರೆ ಆ ಕ್ಷಣದಲ್ಲಿ ಅಪ್ಪ ಅವರ ಪಾಲಿಗೆ ಮುಗಿದುಹೋಗುತ್ತಾರೆ.

ಇನ್ನೊಂದು. ನಾನು ಮಾತಾಡುವುದು ತಮ್ಮನಿಗೆ ಇಷ್ಟವಿಲ್ಲ. "ಅಪ್ಪನ ಚಟದ ಬಗ್ಗೆ ನಾಲ್ಕು ಜನರ ಮುಂದೆ ಹೇಳಿ ಏನು ಸಾಧಿಸ್ತೀಯ?" ಅಂತಾನೆ.

ಇಲ್ಲಿ ಯಾರಾದರೂ ಇಂಥದ್ದು ಮಾಡಿದ್ದೀರಾ? ಏನು ಹೇಳಿದಿರಿ?

ನೀಲಿಛತ್ರಿ

ನಾನು ಮಾಡಿದ್ದೇನೆ. ನನ್ನವರು ಹೋದ ಎರಡನೇ ತಿಂಗಳಲ್ಲೇ. ತುಂಬಾ ಬೇಗ ಆಯಿತು ಅಂತ ಆಮೇಲೆ ಅನಿಸಿತು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅಕ್ಷರಗಳೇ ಕಾಣಲಿಲ್ಲ.

ನನಗೆ ಗೊತ್ತಿರೋದು ಇಷ್ಟು. ಬರೆದುಕೊಂಡು ಹೋಗಿ. ಎರಡು ಪ್ರತಿ ಮಾಡಿಸಿ. ಒಂದನ್ನು ಮುಂದಿನ ಸಾಲಿನಲ್ಲಿ ಕೂರುವ ಗೆಳತಿಗೆ ಕೊಡಿ. ನೀವು ನಿಲ್ಲಿಸಿದ ಕಡೆಯಿಂದ ಅವರು ಎದ್ದು ಓದಲಿ. ಹಾಗೆ ಒಬ್ಬರು ಇದ್ದಾರೆ ಅಂತ ಗೊತ್ತಿದ್ದರೇನೇ ಅರ್ಧ ಧೈರ್ಯ ಬರುತ್ತದೆ. ಕೊನೆಯ ದಿನಗಳನ್ನು ಹೇಳಲೇಬೇಕು ಅಂತಿಲ್ಲ. ಅವು ನಿಮ್ಮವು.

ಮೌನರಾಗ

ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನಮ್ಮನೂ ಇದೇ ಕಾಯಿಲೆಯಲ್ಲಿ ಹೋದರು. ಒಂದು ದಿನವೂ ಸಿಗರೇಟ್ ಮುಟ್ಟಿದವರಲ್ಲ. ಮನೆಯಲ್ಲಿ ಸೇದುವವರೂ ಇರಲಿಲ್ಲ. ಅದಕ್ಕೇ ನಾನು ಎಲ್ಲಿ ಮಾತಾಡಿದರೂ ಮೊದಲ ವಾಕ್ಯ ಅದೇ ಹೇಳುತ್ತೇನೆ: "ನನ್ನಮ್ಮ ಸಿಗರೇಟ್ ಸೇದಿದವರಲ್ಲ, ಅವರು ಏನೂ ತಪ್ಪು ಮಾಡಿರಲಿಲ್ಲ." ಆಗ ಜನ ತಲೆ ಎತ್ತಿ ನೋಡುತ್ತಾರೆ.

ಇದು ಬರೀ ಸೇದುವವರ ಕಾಯಿಲೆ ಅಂತ ಎಲ್ಲರೂ ನಂಬಿದ್ದಾರೆ. ಆದರೆ ನೆಲದಿಂದ ಮನೆಯೊಳಗೆ ಬರುವ ರೇಡಾನ್ ಅನಿಲದಿಂದಲೂ ಬರುತ್ತದೆ. ಸೇದದವರಲ್ಲಿ ಅದೇ ದೊಡ್ಡ ಕಾರಣಗಳಲ್ಲಿ ಒಂದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊರಗಿನ ಗಾಳಿಯ ಮಾಲಿನ್ಯವೇ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಹೇಳಿತು. ಪಕ್ಕದವರ ಹೊಗೆ ಕುಡಿಯುವವರಿಗೆ ಅಪಾಯ 20ರಿಂದ 30 ಶೇಕಡಾ ಜಾಸ್ತಿ.

ಅಮ್ಮನ ಗೆಡ್ಡೆಯಲ್ಲಿ ಇಜಿಎಫ್ಆರ್ ಅನ್ನೋ ಜೀನ್ ಬದಲಾಗಿತ್ತು. ದಿನಕ್ಕೊಂದು ಮಾತ್ರೆ. ಅದರಿಂದ ನಮಗೆ ಎರಡೂವರೆ ವರ್ಷ ಸಿಕ್ಕಿತು. ಒಳ್ಳೆಯ ಎರಡೂವರೆ ವರ್ಷ. ಈ ಜೀನ್ ಬದಲಾವಣೆಗೂ ಮಾತ್ರೆ ಕೆಲಸ ಮಾಡುವುದಕ್ಕೂ ಇರುವ ನಂಟು ಗೊತ್ತಾಗಿದ್ದೇ 2004ರಲ್ಲಿ. ಬಯಾಪ್ಸಿ ತುಣುಕನ್ನು ಜೀನ್ ಪರೀಕ್ಷೆಗೆ ಕಳಿಸಿದ್ದೀರಾ ಅಂತ ಡಾಕ್ಟರನ್ನು ಕೇಳಿ. ನನ್ನ ಭಾಷಣದ ಎರಡನೇ ಭಾಗ ಪೂರ್ತಿ ಇದೇ. ನೀವೂ ಇದನ್ನು ಹೇಳಬಹುದು.

ಕಿಟಕಿಬದಿ

ಮೌನರಾಗ ಅವರೇ, ನಿಮ್ಮ ಅಮ್ಮನ ವಿಷಯ ಕೇಳಿ ಬೇಜಾರಾಯಿತು. ಜೀನ್ ಪರೀಕ್ಷೆಯ ಮಾತು ಬರೆದುಕೊಂಡೆ. ಅಪ್ಪನಿಗೂ ಮಾಡಿಸಿದ್ದರು, ಆದರೆ ಮಾತ್ರೆಗೆ ಹೊಂದುವಂಥದ್ದು ಏನೂ ಸಿಗಲಿಲ್ಲ.

ಆದರೆ ಒಂದು ಮಾತು ಹೇಳದೆ ಇರಲಾರೆ. ಎರಡು ಸಲ ಬರೆದು ಅಳಿಸಿದ್ದೂ ಆಯಿತು. "ಏನೂ ತಪ್ಪು ಮಾಡಿರಲಿಲ್ಲ" ಅಂದಿರಿ. ಹಾಗಾದರೆ ನಮ್ಮಪ್ಪ ತಪ್ಪು ಮಾಡಿದ್ದರು, ಅದಕ್ಕೇ ಹೋದರು, ಅಲ್ವಾ? ನಿಮ್ಮ ಮನಸ್ಸಿನಲ್ಲಿ ಅದಿಲ್ಲ ಅಂತ ಗೊತ್ತು. ಆದರೆ ಕೇಳುವವರ ಕಿವಿಗೆ ಅದೇ ಬೀಳುತ್ತದೆ. ಅಪ್ಪ ಮೊದಲ ಸಿಗರೇಟ್ ಹಚ್ಚಿದ್ದು 22ನೇ ವಯಸ್ಸಿಗೆ. ಬಿಡೋಕೆ ಆರು ಸಲ ಪ್ರಯತ್ನಪಟ್ಟರು. ಏಳನೇ ಸಲ, ನನ್ನ ಮಗಳು ಹುಟ್ಟಿದ ದಿನ ಬಿಟ್ಟವರು ಮತ್ತೆ ಮುಟ್ಟಲಿಲ್ಲ. ಆಮೇಲೂ ಎಷ್ಟೋ ತಿಂಗಳು, ಮಾತಾಡುತ್ತಾ ಇದ್ದ ಹಾಗೆ ಅವರ ಬಲಗೈ ತಾನಾಗೇ ಜೇಬಿಗೆ ಹೋಗುತ್ತಿತ್ತು. ಅಲ್ಲಿ ಪೆನ್ನು ಇಟ್ಟುಕೊಂಡಿದ್ದರು. ಪೆನ್ನನ್ನು ತೆಗೆದು, ನೋಡಿ, ಮತ್ತೆ ಒಳಗಿಡುತ್ತಿದ್ದರು.

ಆ ಕೈಯನ್ನು ನಾನು ನೋಡಿದ್ದೇನೆ. ಅದಕ್ಕೇ ಆ ಮಾತು ಚುಚ್ಚಿತು.

ಮೌನರಾಗ

ಇದನ್ನು ಓದಿ ಒಂದು ದಿನ ಸುಮ್ನೆ ಇದ್ದೆ. ಏನು ಬರೆಯಬೇಕೋ ತಿಳಿಯಲಿಲ್ಲ.

ನೀವು ಹೇಳಿದ್ದು ನಿಜ. ನನ್ನ ಅಮ್ಮನನ್ನು ಆ ಪ್ರಶ್ನೆಯಿಂದ ಕಾಪಾಡಬೇಕು ಅಂತ ಆ ವಾಕ್ಯ ಕಟ್ಟಿಕೊಂಡಿದ್ದೆ. ಅದು ಇನ್ನೊಬ್ಬರ ಅಪ್ಪನ ಮೇಲೆ ಬೀಳುತ್ತದೆ ಅಂತ ಹೊಳೆದೇ ಇರಲಿಲ್ಲ. ಹೃದಯಾಘಾತ ಆದವರ ಮನೆಗೆ ಹೋಗಿ ಯಾರೂ "ಎಣ್ಣೆ ಜಾಸ್ತಿ ತಿಂತಿದ್ರಾ" ಅಂತ ಮೊದಲು ಕೇಳಲ್ಲ. ಇಲ್ಲಿ ಮಾತ್ರ ಕೇಳುತ್ತಾರೆ.

ಇನ್ನು ಮೇಲೆ "ನನ್ನಮ್ಮ ಸೇದುತ್ತಿರಲಿಲ್ಲ" ಅಂತಷ್ಟೇ ಹೇಳುತ್ತೇನೆ. ತಪ್ಪಿನ ಮಾತು ತೆಗೆಯುತ್ತೇನೆ. ಕ್ಷಮಿಸಿ ಅಕ್ಕ.

ಹಳೆಸ್ಟೆತ್

34 ವರ್ಷ ಎದೆರೋಗದ ಡಾಕ್ಟರಾಗಿದ್ದೆ, ಈಗ ನಿವೃತ್ತಿ. ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಮಾತಾಡಲು ಹೊರಟವರಿಗೆ ಉಪಯೋಗವಾಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕೆಮ್ಮು. ಮೂರು ವಾರ ದಾಟಿದ ಕೆಮ್ಮನ್ನು ತೋರಿಸಲೇಬೇಕು. ಮೊದಲಿನಿಂದ ಕೆಮ್ಮು ಇರುವವರಾದರೆ ಅದರ ಸದ್ದು, ಹೊತ್ತು, ಬಗೆ ಬದಲಾಗಿದೆಯಾ ನೋಡಬೇಕು. ಸೇದುವವರು ಇದು ಮಾಮೂಲಿ ಅಂದುಕೊಂಡು ಬಿಡುತ್ತಾರೆ. ಕಫದಲ್ಲಿ ಒಂದು ಗೆರೆ ರಕ್ತ ಕಂಡರೂ ಕಾಯಬಾರದು. ಗಂಟಲು ಒಡೆದ ಹಾಗೆ ದನಿ ಬದಲಾಗಿ ಸರಿಹೋಗದೇ ಇರುವುದು, ಮತ್ತೆ ಮತ್ತೆ ನ್ಯುಮೋನಿಯಾ ಆಗುವುದು, ಭುಜದಿಂದ ತೋಳಿಗೆ ಇಳಿಯುವ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವೂ ಅಷ್ಟೇ. ಭುಜದ ನೋವಿಗೆ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಗೆಡ್ಡೆ ಇದ್ದದ್ದು ಶ್ವಾಸಕೋಶದ ತುದಿಯಲ್ಲಿ. ಇನ್ನು ಕ್ಷಯ ಜಾಸ್ತಿ ಇರುವ ಕಡೆ ಕ್ಯಾನ್ಸರನ್ನೇ ಕ್ಷಯ ಅಂದುಕೊಂಡು ತಿಂಗಳುಗಳು ಕಳೆದುಹೋಗುವುದುಂಟು. ಔಷಧಿ ತಗೊಂಡೂ ಕಡಿಮೆಯಾಗದಿದ್ದರೆ ಮತ್ತೆ ಕೇಳಿ. ಎಕ್ಸ್-ರೇ ಸರಿಯಿದೆ ಅಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಅಂತಲ್ಲ. ಸಣ್ಣ ಗೆಡ್ಡೆ ಪಕ್ಕೆಲುಬಿನ ಹಿಂದೆ, ಹೃದಯದ ನೆರಳಿನಲ್ಲಿ ಅಡಗಿರುತ್ತದೆ.

ಇನ್ನೊಂದು ನಿಮ್ಮ ಕೈಯಲ್ಲೇ ಇದೆ. ಎರಡು ತೋರುಬೆರಳಿನ ಉಗುರುಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಬೆಳಕಿಗೆ ಹಿಡಿಯಿರಿ. ಉಗುರಿನ ಬುಡದಲ್ಲಿ ವಜ್ರದಾಕಾರದ ಸಣ್ಣ ಕಿಂಡಿ ಕಾಣಬೇಕು. ಬೆರಳ ತುದಿ ಊದಿ ದುಂಡಗಾದವರಲ್ಲಿ ಆ ಕಿಂಡಿ ಮುಚ್ಚಿಹೋಗುತ್ತದೆ. ದಕ್ಷಿಣ ಆಫ್ರಿಕಾದ ಹೃದಯ ವೈದ್ಯ ಲಿಯೊ ಶಾಮ್ರಾತ್ 1976ರಲ್ಲಿ ತಮ್ಮದೇ ಬೆರಳುಗಳಲ್ಲಿ ಕಂಡು ಬರೆದದ್ದು ಇದು. ಕಿಂಡಿ ಮುಚ್ಚಿದ್ದರೆ ಕ್ಯಾನ್ಸರೇ ಅಂತ ಅರ್ಥವಲ್ಲ, ಹೃದಯದ, ಕರುಳಿನ ತೊಂದರೆಯಲ್ಲೂ ಹೀಗಾಗುತ್ತದೆ. ಕಿಂಡಿ ಕಂಡರೆ ಏನೂ ಇಲ್ಲ ಅಂತಲೂ ಅಲ್ಲ. ಆದರೆ ಮುಚ್ಚಿದ್ದರೆ ಡಾಕ್ಟರಿಗೆ ತೋರಿಸಬೇಕು.

ಈಗ ಸ್ಕ್ಯಾನ್. ವೇದಿಕೆ ಮೇಲೆ ನಿಂತು "ಎಲ್ಲರೂ ಸಿ.ಟಿ. ಮಾಡಿಸಿಕೊಳ್ಳಿ" ಅಂತ ದಯವಿಟ್ಟು ಹೇಳಬೇಡಿ. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ತುಂಬಾ ವರ್ಷ ಸೇದಿದವರಿಗೆ ವರ್ಷಕ್ಕೊಮ್ಮೆ ಕಡಿಮೆ ಡೋಸಿನ ಸಿ.ಟಿ. ಮಾಡಿದಾಗ ಶ್ವಾಸಕೋಶ ಕ್ಯಾನ್ಸರಿನ ಸಾವು ಎಕ್ಸ್-ರೇ ಗುಂಪಿಗಿಂತ 20 ಶೇಕಡಾ ಕಡಿಮೆಯಾಯಿತು. ದೊಡ್ಡ ಸುದ್ದಿ ಅದು. ಆದರೆ ಅದೇ ಅಧ್ಯಯನದಲ್ಲಿ ಸ್ಕ್ಯಾನ್ ಅನುಮಾನ ತೋರಿಸಿದ ನೂರರಲ್ಲಿ ಸುಮಾರು 96 ಕ್ಯಾನ್ಸರ್ ಆಗಿರಲಿಲ್ಲ. ಅಪಾಯ ಕಡಿಮೆ ಇರುವವರಿಗೆ ಸುಮ್ಮಸುಮ್ಮನೆ ಸ್ಕ್ಯಾನ್ ಮಾಡಿಸಿದರೆ ಹೆದರಿಕೆ, ಬೇಡದ ಸೂಜಿ, ಬೇಡದ ಆಪರೇಷನ್ನೇ ಜಾಸ್ತಿ. ಇದು ಯಾವ ತೊಂದರೆಯೂ ಇಲ್ಲದವರ ಮಾತು. ಕೆಮ್ಮು, ರಕ್ತ ಇದ್ದವರಿಗೆ ಪರೀಕ್ಷೆ ಬೇಕೇ ಬೇಕು.

ಯಾರಿಗೆ ಸ್ಕ್ಯಾನ್ ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 2021ರಿಂದ ಇರುವ ಸಲಹೆ ಹೀಗಿದೆ: ವಯಸ್ಸು 50ರಿಂದ 80, ದಿನಕ್ಕೊಂದು ಪ್ಯಾಕಿನ ಲೆಕ್ಕದಲ್ಲಿ 20 ವರ್ಷ ಸೇದಿರಬೇಕು, ಈಗಲೂ ಸೇದುತ್ತಿರಬೇಕು ಅಥವಾ ಬಿಟ್ಟು 15 ವರ್ಷ ದಾಟಿರಬಾರದು.

ಕಿಟಕಿಬದಿ

ಡಾಕ್ಟ್ರೇ, ಆ ಕೊನೆಯ ಸಾಲನ್ನು ಮೂರು ಸಲ ಓದಿದೆ.

ಅಪ್ಪನಿಗೆ ಕೆಮ್ಮು ಶುರುವಾದಾಗ 61. 31 ವರ್ಷ ಸೇದಿದ್ದರು. ಬಿಟ್ಟು 15 ವರ್ಷ ಆಗಿರಲಿಲ್ಲ. ಅಂದರೆ ಆ ಲೆಕ್ಕಕ್ಕೆ ಅಪ್ಪ ಪೂರ್ತಿ ಬರುತ್ತಿದ್ದರು. ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. "ಬಿಟ್ಟೆನಲ್ಲ, ಇನ್ನೇನು" ಅಂತ ಅಪ್ಪ ಹೇಳುತ್ತಿದ್ದರು. ನಾವೂ ಹಾಗೇ ಅಂದುಕೊಂಡಿದ್ದೆವು. ಬಿಟ್ಟ ದಿನವೇ ಅಪಾಯವೂ ಮುಗಿಯಿತು ಅಂತ.

ಉಗುರಿನ ಮಾತು ಓದಿದ ಮೇಲೆ ಫೋನಿನಲ್ಲಿ ಹಳೇ ಫೋಟೋ ಹುಡುಕಿದೆ. ಮೊಮ್ಮಗಳಿಗೆ ಚಪ್ಪಲಿಯ ಪಟ್ಟಿ ಹಾಕುತ್ತಿರುವ ಫೋಟೋ ಇದೆ. ಕಾಯಿಲೆ ಗೊತ್ತಾಗುವುದಕ್ಕೆ ನಾಲ್ಕು ತಿಂಗಳು ಮೊದಲಿನದು. ದೊಡ್ಡದು ಮಾಡಿ ನೋಡಿದೆ. ಬೆರಳ ತುದಿಗಳು ಗುಂಡಗೆ, ಉಗುರು ಗಡಿಯಾರದ ಗಾಜಿನ ಹಾಗೆ ಉಬ್ಬಿವೆ. ಆ ಫೋಟೋವನ್ನು ನೂರು ಸಲ ನೋಡಿರಬೇಕು ನಾನು. ಮಗಳ ಮುಖ ಮಾತ್ರ ನೋಡುತ್ತಿದ್ದೆ.

ಹಳೆಸ್ಟೆತ್

ಅಮ್ಮಾ, ಒಂದು ಮಾತು ಕೇಳಿ. ಸ್ಕ್ಯಾನ್ ಮಾಡಿಸಿದ್ದರೆ ಉಳಿಯುತ್ತಿದ್ದರು ಅಂತ ಯಾರೂ ಹೇಳಲಾರರು. ಎರಡು ಸ್ಕ್ಯಾನಿನ ನಡುವೆ ಬಂದು ಬೆಳೆಯುವ ಗೆಡ್ಡೆಗಳೂ ಇವೆ. ನೀವು ಈಗ ಹಿಂದಕ್ಕೆ ಹೋಗಿ ಪ್ರತಿ ಫೋಟೋ ನೋಡುತ್ತೀರಿ. ಎಲ್ಲ ಮನೆಯವರೂ ಹಾಗೆ ಮಾಡುತ್ತಾರೆ. ಆ ಉಗುರುಗಳನ್ನು ಡಾಕ್ಟರುಗಳೇ ಗಮನಿಸದೆ ಬಿಟ್ಟದ್ದನ್ನು ನಾನು ಕಂಡಿದ್ದೇನೆ. ನೀವು ಮಗಳು. ಮೊಮ್ಮಗಳ ಮುಖ ನೋಡಿದ್ದು ಸರಿಯೇ.

ಆದರೆ "ಬಿಟ್ಟೆನಲ್ಲ, ಇನ್ನೇನು" ಅನ್ನೋ ಮಾತಿದೆಯಲ್ಲ, ಅದನ್ನು ನಾನು ಕ್ಲಿನಿಕ್ಕಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಿಟ್ಟು ಹತ್ತು ವರ್ಷವಾದರೆ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದು ದೊಡ್ಡ ಲಾಭ. ಆದರೆ ಸೊನ್ನೆಗೆ ಇಳಿಯುವುದಿಲ್ಲ. ಇದನ್ನು ಬಿಟ್ಟವರಿಗೆ ಯಾರೂ ಹೇಳುವುದಿಲ್ಲ. ಎಲ್ಲ ಜಾಹೀರಾತೂ "ಬಿಡಿ, ಬಿಡಿ" ಅನ್ನುತ್ತದೆ. ಬಿಟ್ಟ ಮೇಲೆ ಅವರ ಕಡೆ ತಿರುಗಿ ನೋಡುವವರಿಲ್ಲ.

ಎರಡನೇಪಾಳಿ

ಕಿಟಕಿಬದಿ ಅವರೇ, ನಿಮ್ಮ ಹತ್ತು ನಿಮಿಷ ಅಲ್ಲೇ ಸಿಕ್ಕಿತು ಅಂತ ನನಗೆ ಅನಿಸುತ್ತದೆ.

ನಾನು ಬೇರೆ ಕಡೆಯಿಂದ ಇದಕ್ಕೆ ಬಂದವನು. ನನ್ನ ಅಣ್ಣ ಸೇದುತ್ತಿರಲಿಲ್ಲ. ಅವನು ಕೆಲಸ ಮಾಡುತ್ತಿದ್ದ ಜಾಗ ಪೂರ್ತಿ ಹೊಗೆ. ಅವನು ಹೋದ ಮೇಲೆ ಕೆಲಸದ ಜಾಗದ ಹೊಗೆಯ ವಿರುದ್ಧ ಅರ್ಜಿ ಬರೆಯುತ್ತಾ ಹೋದೆ. ಬೇಸರವಾದಾಗ ಇಬ್ಬರನ್ನು ನೆನೆಸಿಕೊಳ್ಳುತ್ತೇನೆ. ಒಬ್ಬರು ಕೆನಡಾದ ಹೆದರ್ ಕ್ರೋ. ಸುಮಾರು 40 ವರ್ಷ ಹೋಟೆಲುಗಳಲ್ಲಿ ಬಡಿಸುವ ಕೆಲಸ ಮಾಡಿದವರು, ಒಂದೂ ಸಿಗರೇಟ್ ಸೇದದವರು. 2002ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. 2006ರಲ್ಲಿ ತೀರಿಕೊಳ್ಳುವವರೆಗೂ ದೇಶವೆಲ್ಲ ಸುತ್ತಿ, ಕೆಲಸಗಾರರನ್ನು ಹೊಗೆಯಿಂದ ಕಾಪಾಡಿ ಅಂತ ಕೇಳಿದರು.

ಇನ್ನೊಬ್ಬರು ಬ್ರಿಟನ್ನಿನ ಫಿಯೋನಾ ಕಾಸಲ್. ಗಂಡ ರಾಯ್ ಕಾಸಲ್ ಟಿವಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಲಾವಿದ. ಟ್ರಂಪೆಟ್ ಊದುತ್ತಿದ್ದರು. ಸೇದುವ ಅಭ್ಯಾಸವಿರಲಿಲ್ಲ. ಹೊಗೆ ತುಂಬಿದ ಕ್ಲಬ್ಬುಗಳಲ್ಲಿ ವರ್ಷಗಟ್ಟಲೆ ಊದಿದ್ದೇ ಕಾರಣ ಅಂತ ನಂಬಿದ್ದರು. 1994ರಲ್ಲಿ ತೀರಿಕೊಂಡರು. ಹೆಂಡತಿ ಅಲ್ಲಿಗೆ ನಿಲ್ಲಿಸಲಿಲ್ಲ. ಕೆಲಸದ ಜಾಗಗಳಲ್ಲಿ, ಸಾರ್ವಜನಿಕ ಜಾಗಗಳಲ್ಲಿ ಹೊಗೆ ನಿಲ್ಲಬೇಕು ಅಂತ ಹೋರಾಡಿದರು. ಇಂಗ್ಲೆಂಡಿನಲ್ಲಿ ಆ ಕಾನೂನು ಬಂದದ್ದು 2007ರ ಜುಲೈ 1ಕ್ಕೆ. ಗಂಡ ಹೋಗಿ ಹದಿಮೂರು ವರ್ಷ ಆಗುತ್ತಾ ಬಂದಿತ್ತು. ನನಗೆ ಆ ಹದಿಮೂರು ವರ್ಷ ಮುಖ್ಯ. ಒಂದು ನವೆಂಬರಿನಲ್ಲಿ ಎಲ್ಲ ಆಗಬೇಕಿಲ್ಲ.

ಹೆಸರಿಲ್ಲ02

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನಾನು ಈಗಲೂ ಸೇದುತ್ತೇನೆ. ಇದನ್ನೆಲ್ಲ ರಾತ್ರಿ ಕೂತು ಓದಿದೆ. ನಿಮ್ಮ ಭಾಷಣಕ್ಕೆ ನನ್ನಂಥವನು ಬಂದು ಕೂತರೆ, ಎಲ್ಲರೂ ತಿರುಗಿ ನನ್ನನ್ನೇ ನೋಡುವ ಹಾಗೆ ಮಾಡಬೇಡಿ. ಹಾಗಾದರೆ ನಾನು ಎದ್ದು ಹೊರಗೆ ಹೋಗಿ ಮೊದಲು ಒಂದು ಹಚ್ಚುತ್ತೇನೆ. ನಿಮ್ಮಪ್ಪನ ಪೆನ್ನಿನ ವಿಷಯ ಹೇಳಿ. ಅದನ್ನು ಕೇಳುತ್ತೇನೆ.

ಕಿಟಕಿಬದಿ

ಖಂಡಿತ ಹೇಳುತ್ತೇನೆ. ಅಪ್ಪ ಆರು ಸಲ ಸೋತರು, ಅದನ್ನೂ ಹೇಳುತ್ತೇನೆ. ನೀವು ಬರೆದದ್ದಕ್ಕೆ ಥ್ಯಾಂಕ್ಸ್.

ಹಳೆಸ್ಟೆತ್

ಹೆಸರಿಲ್ಲ ಅವರೇ, ಬರೀ ಮನಸ್ಸು ಗಟ್ಟಿಮಾಡಿ ಬಿಡಬೇಕು ಅಂತ ಕೂರಬೇಡಿ. ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್, ವಾರೆನಿಕ್ಲಿನ್ ಅನ್ನೋ ಮಾತ್ರೆ ಇವೆ. ಜೊತೆಗೆ ಒಬ್ಬರು ಆಗಾಗ ವಿಚಾರಿಸುತ್ತಿದ್ದರೆ ಬಿಡುವವರ ಸಂಖ್ಯೆ ಹೆಚ್ಚುತ್ತದೆ. ಡಾಕ್ಟರ ಹತ್ತಿರ ಕೇಳಿ, ಇದು ಔಷಧಿ ಇರುವ ತೊಂದರೆ.

ಬೆಳ್ಳಿಚುಕ್ಕಿ

ನಾನು ನೋವು ಕಡಿಮೆ ಮಾಡುವ ಆರೈಕೆಯ ವಾರ್ಡಿನ ನರ್ಸ್. ಎಲ್ಲರೂ ಬೇಗ ಕಂಡುಹಿಡಿಯುವುದರ ಬಗ್ಗೆ ಹೇಳಿದಿರಿ, ಸರಿ. ತಡವಾಗಿ ಗೊತ್ತಾದವರ ಮನೆಯವರೂ ಆ ಸಭೆಯಲ್ಲಿ ಇರುತ್ತಾರೆ. ಅವರಿಗೂ ಒಂದು ಮಾತು ಇರಲಿ.

2010ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ಜನ. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಮೊದಲಿನಿಂದಲೇ ಉಪಶಮನ ಆರೈಕೆ ಕೊಟ್ಟರು. ಅವರ ಮನಸ್ಸು ಚೆನ್ನಾಗಿತ್ತು, ನರಳಾಟ ಕಡಿಮೆಯಾಯಿತು. ಬದುಕಿದ್ದೂ ಜಾಸ್ತಿ ದಿನ: 8.9 ತಿಂಗಳ ಬದಲು 11.6 ತಿಂಗಳು. ಉಪಶಮನ ಅಂದರೆ ಕೈಬಿಟ್ಟರು ಅಂತ ಜನ ಹೆದರುತ್ತಾರೆ. ನಮ್ಮ ವಾರ್ಡಿಗೆ ಕೊನೆಯ ಮೂರು ದಿನಕ್ಕೆ ಕರೆತರುತ್ತಾರೆ. ಮೊದಲೇ ಬಂದಿದ್ದರೆ ಆ ಉಸಿರಾಟದ ಸಂಕಟಕ್ಕೆ ಎಷ್ಟೋ ಮಾಡಬಹುದಿತ್ತು. ಫ್ಯಾನಿನ ಗಾಳಿ ಮುಖಕ್ಕೆ ಬೀಳುವ ಹಾಗೆ ಕೂರಿಸುವುದು ಕೂಡ ಎಷ್ಟು ಹಾಯೆನಿಸುತ್ತದೆ ಗೊತ್ತಾ?

ತಮ್ಮನ ಬಗ್ಗೆ. ಅವರಿಗೆ ಒಪ್ಪಿಗೆ ಇಲ್ಲದ್ದನ್ನು ಹೇಳುವ ಮೊದಲು ಬರೆದದ್ದನ್ನು ಅವರಿಗೆ ಓದಿ ಹೇಳಿ. ಅಪ್ಪ ಇಬ್ಬರಿಗೂ ಸೇರಿದವರು.

ಕಿಟಕಿಬದಿ (ಮೂರು ವಾರದ ನಂತರ)

ಮಾತಾಡಿ ಬಂದೆ. ಎಲ್ಲರಿಗೂ ಹೇಳಬೇಕು ಅನಿಸಿತು.

ಹಿಂದಿನ ರಾತ್ರಿ ತಮ್ಮನಿಗೆ ಓದಿ ಹೇಳಿದೆ. "ಚಟ" ಅನ್ನೋ ಪದ ಎಲ್ಲೂ ಇರಲಿಲ್ಲ. ಪೆನ್ನಿನ ಕಡೆ ಬಂದಾಗ ಎದ್ದು ಕಿಟಕಿ ಹತ್ತಿರ ಹೋದ. ಆಮೇಲೆ, "ಆರು ಸಲ ಅಲ್ಲ, ಏಳು ಸಲ. ಒಂದು ಸಲ ನನಗೆ ಮಾತ್ರ ಗೊತ್ತು" ಅಂದ. ತಿದ್ದಿಕೊಂಡೆ.

ಹನ್ನೊಂದು ಬಾಟಲಿಯನ್ನೂ ಚೀಲದಲ್ಲಿ ತಗೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಏನೂ ಹೇಳದೆ ಒಂದೊಂದಾಗಿ ಇಟ್ಟೆ. ಐದಾರು ಇಡುವಷ್ಟರಲ್ಲಿ ಎಲ್ಲರೂ ಸುಮ್ಮನಾದರು. ಮೊದಲೇ ಹೇಳಿಬಿಟ್ಟೆ, "ಅಪ್ಪ 31 ವರ್ಷ ಸೇದಿದರು. ಬಿಟ್ಟು ಒಂಬತ್ತು ವರ್ಷ ಆಗಿತ್ತು. ನಾನು ಇವತ್ತು ಬಿಟ್ಟವರ ಹತ್ತಿರ ಮಾತಾಡೋಕೆ ಬಂದಿದ್ದೇನೆ." ಆ ಪ್ರಶ್ನೆ ಕೇಳೋಕೆ ಯಾರಿಗೂ ಜಾಗವೇ ಉಳಿಯಲಿಲ್ಲ. ಬೆಳ್ಳಿಚುಕ್ಕಿ ಅವರ ಮಾತಿಗೂ ಒಂದು ನಿಮಿಷ ಇಟ್ಟೆ. ಮೌನರಾಗ ಅವರ ಅಮ್ಮನ ವಿಷಯವನ್ನೂ ಹೇಳಿದೆ, ಹೆಸರು ಊರು ಯಾವುದೂ ಇಲ್ಲದೆ. ಒಂದು ಕಡೆ ದನಿ ನಿಂತುಹೋಯಿತು. ಗೆಳತಿ ಎದ್ದು ಎರಡು ಸಾಲು ಓದಿದಳು, ಮತ್ತೆ ನಾನೇ ಮುಂದುವರಿಸಿದೆ.

ಮುಗಿದ ಮೇಲೆ ಅರ್ಧ ಸಭೆ ಉಗುರು ಜೋಡಿಸಿ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿತ್ತು. ಲೆಕ್ಕಪತ್ರ ವಿಭಾಗದ ಒಬ್ಬರು ಎಲ್ಲರೂ ಹೋಗುವವರೆಗೂ ಕಾದರು. 58 ವರ್ಷ. ಬಿಟ್ಟು ಆರು ವರ್ಷ ಆಯಿತಂತೆ. ಅದಕ್ಕೂ ಮೊದಲು 25 ವರ್ಷ, ದಿನಕ್ಕೊಂದು ಪ್ಯಾಕ್. "ನನಗೆ ಯಾರೂ ಹೇಳಿರಲಿಲ್ಲ ಮೇಡಂ" ಅಂದರು. ಡಾಕ್ಟ್ರೇ, ಅವರಿಗೆ ಕೆಮ್ಮು ಏನೂ ಇಲ್ಲ. ನಾನು ಏನು ಹೇಳಬೇಕಿತ್ತು?

ಹಳೆಸ್ಟೆತ್

ಎಷ್ಟು ವರ್ಷ, ದಿನಕ್ಕೆ ಎಷ್ಟು, ಬಿಟ್ಟದ್ದು ಯಾವಾಗ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಎದೆರೋಗದ ಡಾಕ್ಟರನ್ನು ನೋಡಲಿ. "ಕಡಿಮೆ ಡೋಸಿನ ಸಿ.ಟಿ. ನನಗೆ ಬೇಕಾ?" ಅಂತ ಅವರೇ ಬಾಯಿಬಿಟ್ಟು ಕೇಳಲಿ. ಕೇಳದಿದ್ದರೆ ಆ ಮಾತು ಬರುವುದೇ ಇಲ್ಲ. ಸ್ಕ್ಯಾನಿನಲ್ಲಿ ಸಣ್ಣ ಚುಕ್ಕೆ ಕಂಡರೆ ಗಾಬರಿ ಬೀಳಬಾರದು ಅಂತಲೂ ಈಗಲೇ ಹೇಳಿಡಿ. ಹೆಚ್ಚಿನವು ಹಳೇ ಕಲೆಗಳೇ. ಬೇಕಾದರೆ ನೀವೂ ಜೊತೆಗೆ ಹೋಗಿ.

ಕಿಟಕಿಬದಿ

ಹೋಗುತ್ತೇನೆ. ಅವರೂ ಹಾಗೇ ಕೇಳಿದರು. ಬುಧವಾರ ಬೆಳಗ್ಗೆ ಅಂತ ಮಾತಾಗಿದೆ.

ಬಾಟಲಿ ಈಗ ಹತ್ತೇ ಇವೆ. ತಳದಲ್ಲಿ ಅಂಟು ಉಳಿದಿದ್ದದ್ದನ್ನು ತಮ್ಮ ತಗೊಂಡು ಹೋದ.